ಎಂಬತ್ತು ಚೌಕದ ಕೇವಾ

“ಚಿತ್ರದ ಒಂದೇ ಒಂದು ಚೌಕಾನೂ, ಅದೇ ಪಿಕ್ಸೆಲ್ಲು, ಕಮ್ಮಿ ಮಾಡಿಲ್ಲ ನಾನು,” ಎಂದ ಗೋರಿಸ್, ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ. “ಅಡ್ಡಕ್ಕೆ ಸಾವಿರದ ಇನ್ನೂರ ಎಂಬತ್ತು, ಉದ್ದಕ್ಕೆ ಏಳುನೂರ ಇಪ್ಪತ್ತು. ಕ್ಯಾಮೆರಾದಲ್ಲಿ ಹೆಂಗಿತ್ತೋ ಹಂಗೇ ಡಿಸ್ಕಿಗೆ. ಎಚ್‌ಡಿ ಅಂದ್ರೆ ಎಚ್‌ಡಿ.”

ಕೇವಾ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿದಳು. ಗೋರಿಸ್ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ್ದ. ಮೊದಲ ಪರಮಪ್ರಸಾದ ಸ್ವೀಕರಿಸುವ ದಿನ ಚರ್ಚಿನೊಳಗೆ ಇಪ್ಪತ್ತಾರು ಹುಡುಗಿಯರು ಬಿಳಿ ಗೌನು ತೊಟ್ಟು, ತಲೆಗೆ ಬಿಳಿ ಹೂವಿನ ಕಿರೀಟ ಇಟ್ಟುಕೊಂಡು, ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದರು. ಒಂಬತ್ತನೆಯವಳು ಕೇವಾ. ಹಣೆಯ ಮೇಲೆ ಸೊಳ್ಳೆ ಕಚ್ಚಿದ ಗುರುತು ಕೂಡ ಕಾಣುತ್ತಿತ್ತು.

“ಸೊಳ್ಳೆ ಗುರುತೂ ಬಂದಿದೆ, ಓಮ್.”

“ಬರದೆ ಇನ್ನೇನು? ಸೊಳ್ಳೆನೇ ಕೂತಿದ್ರೆ ಅದರ ಮೀಸೆನೂ ಬರ್ತಿತ್ತು.”

ಊರಿನ ಮಕ್ಕಳಿಗೆಲ್ಲ ಗೋರಿಸ್ ಓಮ್, ಅಂದರೆ ಮಾವ. ಅಡೊನಾರಾ ದ್ವೀಪದ ಈ ಮಗ್ಗುಲಲ್ಲಿ ವಿಡಿಯೋ ಸ್ಟುಡಿಯೋ ಅಂತ ಇದ್ದದ್ದು ಅವನದೊಂದೇ. ಹಾಗಾಗಿ ಬಾಗಿಲ ಮೇಲೆ ‘ಇಲ್ಲಿಯ ಅತ್ಯುತ್ತಮ ಸ್ಟುಡಿಯೋ’ ಎಂದು ಬರೆಸಿದ್ದು ಸುಳ್ಳೇನಲ್ಲ. ಅವನಿಗೆ ತಿಳಿಯದ ವಿಷಯಗಳು ಲೋಕದಲ್ಲಿ ಎರಡೋ ಮೂರೋ ಇದ್ದವು. ಅವು ಯಾವುವು ಎನ್ನುವುದೂ ಅವನಿಗೆ ತಿಳಿದಿರಲಿಲ್ಲ.

ಡಿಸ್ಕು ಹೋಗಬೇಕಿದ್ದದ್ದು ಬಾಪಾನ ಹತ್ತಿರ. ಕೇವಾಳ ಅಪ್ಪ ಕೊಪೋಂಗ್ ಸಮುದ್ರದಾಚೆ, ಮಲೇಷ್ಯಾದ ಸಾಬಾದಲ್ಲಿ ತಾಳೆಎಣ್ಣೆ ತೋಟದ ಗೊನೆ ಕಡಿಯುವ ಕೆಲಸಕ್ಕಿದ್ದ. ಅವನು ಹಡಗು ಹತ್ತಿದಾಗ ಕೇವಾಗೆ ಐದು ವರ್ಷ. ಈಗ ಹತ್ತು. ನಡುವೆ ಬಂದದ್ದು ಫೋನಿನ ದನಿ ಮಾತ್ರ, ಅದೂ ಗುಡ್ಡದ ಮೇಲಿನ ಹುಣಸೆ ಮರದ ಕೆಳಗೆ ಹೋಗಿ ನಿಂತರೆ.

ಹೋದ ತಿಂಗಳು ಆ ಮರದ ಕೆಳಗೆ ಬಾಪಾನ ದನಿ ಹೇಳಿತ್ತು: “ನಿನ್ನ ಪರಮಪ್ರಸಾದದ ವಿಡಿಯೋ ಕಳ್ಸು ಮಗಳೇ. ಅಷ್ಟೊಂದು ಹುಡುಗೀರ ಮಧ್ಯೆ ನೀನು ಯಾರು ಅಂತ ನನಗೆ ಗುರುತು ಸಿಗುತ್ತೋ ಇಲ್ವೋ ನೋಡೋಣ.”

ಹೇಳಿ ಬಾಪಾ ನಕ್ಕ. ಕೇವಾ ನಗಲಿಲ್ಲ. ಅಂದಿನಿಂದ ಅವಳಿಗೆ ಒಂದೇ ಚಿಂತೆ. ಸಿಗದಿದ್ದರೆ?

ಈಗ ಸೊಳ್ಳೆ ಗುರುತು ನೋಡಿ ಅವಳಿಗೆ ಸಮಾಧಾನವಾಯಿತು. ಇಷ್ಟು ಚೆನ್ನಾಗಿ ಕಂಡರೆ ಯಾರ ಅಪ್ಪನಿಗಾದರೂ ಗುರುತು ಸಿಗುತ್ತದೆ.

ವಿಡಿಯೋ ಮೂರು ಗಂಟೆಯದು. ಅದರಲ್ಲಿ ಕೇವಾ ಇರುವುದು ನಾಲ್ಕು ನಿಮಿಷ. ಹಾಡು, ಪೂಜೆ ಬಿಟ್ಟರೆ ಉಳಿದದ್ದೆಲ್ಲ ಊಟ. ನಮ್ಮಲ್ಲಿ ವಿಡಿಯೋ ತೆಗೆಯುವವನಿಗೆ ಒಂದು ಕಟ್ಟುಪಾಡು ಇದೆ. ಚಪ್ಪರಕ್ಕೆ ಬಂದ ಪ್ರತಿಯೊಬ್ಬರೂ ತಟ್ಟೆಯ ಸಮೇತ ಚಿತ್ರದಲ್ಲಿರಬೇಕು. ಹಂದಿ ತಂದವರು ಹಂದಿಯ ಜೊತೆ, ಅಕ್ಕಿ ತಂದವರು ಅಕ್ಕಿ ಮೂಟೆಯ ಜೊತೆ. ಒಬ್ಬರು ಬಿಟ್ಟುಹೋದರೂ ಎರಡು ವರ್ಷ ಮಾತು ನಿಲ್ಲುತ್ತದೆ. ಮಗು ಬಿಟ್ಟುಹೋದರೆ ಪರವಾಗಿಲ್ಲ. ಮಗು ಏನೂ ತಂದಿರುವುದಿಲ್ಲವಲ್ಲ.

ಗೋರಿಸ್ ಡಿಸ್ಕನ್ನು ಡಬ್ಬಿಯೊಳಗೆ ಇಟ್ಟು, ಡಬ್ಬಿಗೆ ತಾನೇ ಮಾಡಿದ ಕವರ್ ಹಾಕಿ ಕೊಟ್ಟ. ಕವರಿನ ಮೇಲೆ ಹಿಮದ ಬೆಟ್ಟ, ಎರಡು ಹಂಸ, ಹನ್ನೆರಡು ಗುಲಾಬಿ. ನಡುವೆ ಕೇವಾಳ ಫೋಟೋ. ಬಣ್ಣ ತಿದ್ದಿ ತಿದ್ದಿ ಅವಳನ್ನು ಹಾಲಿನಲ್ಲಿ ಅದ್ದಿ ತೆಗೆದಂತೆ ಮಾಡಿದ್ದ. ತುಟಿ ಕೆಂಪಗೆ, ಕಣ್ಣು ಹಸಿರು.

“ನನ್ನ ಕಣ್ಣು ಹಸಿರಿಲ್ಲ, ಓಮ್.”

“ಕಂಪ್ಯೂಟರಿಗೆ ಹಂಗೆ ಚೆಂದ ಕಾಣ್ತು. ಅದಕ್ಕೆ ನಿನಗಿಂತ ಚೆನ್ನಾಗಿ ಗೊತ್ತು.”

* * *

ತಾಂತಾ ಓಸೆ ಅಂಗಳದಲ್ಲಿ ಕೂತು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ಬಾಪಾ ಇರುವ ತೋಟದಲ್ಲೇ ಅಡುಗೆ ಮಾಡುವವಳು ಈ ಚಿಕ್ಕಮ್ಮ. ರಜೆಗೆ ಬಂದಿದ್ದಳು. ನಾಳೆ ಬೆಳಿಗ್ಗೆ ದೋಣಿಯಲ್ಲಿ ಲಾರಂತುಕಕ್ಕೆ, ಅಲ್ಲಿಂದ ಹಡಗಿನಲ್ಲಿ ಸಾಬಾದ ಕಡೆಗೆ. ಮುಂದಿನ ಹಡಗು ಹದಿನೈದು ದಿನಕ್ಕೆ. ಮುಂದಿನ ಗುರುತಿನವರು ಯಾವಾಗ ಹೋಗುತ್ತಾರೋ ದೇವರಿಗೇ ಗೊತ್ತು.

ಪೆಟ್ಟಿಗೆಯಲ್ಲಿ ಕುಟ್ಟಿ ಚಪ್ಪಟೆ ಮಾಡಿದ ಜೋಳ, ಒಣಮೀನು, ಇನ್ನೊಂದಷ್ಟು ಕುಟ್ಟಿದ ಜೋಳ. ಊರಿನ ಗಂಡಸರು ಅಲ್ಲಿ ಬೇರೆ ಏನನ್ನೂ ಕೇಳುವುದಿಲ್ಲ.

“ತಾಂತಾ, ಡಿಸ್ಕು,” ಎಂದು ಕೇವಾ ಎರಡು ಕೈಯಲ್ಲಿ ಹಿಡಿದು ಕೊಟ್ಟಳು. “ಎಚ್‌ಡಿ. ಸೊಳ್ಳೆ ಗುರುತೂ ಕಾಣುತ್ತೆ.”

ತಾಂತಾ ಓಸೆ ಡಬ್ಬಿ ತೆರೆದು ಡಿಸ್ಕನ್ನು ಎತ್ತಿ, ತನ್ನ ಮುಖ ನೋಡಿಕೊಂಡು ನಕ್ಕಳು.

“ಒಳ್ಳೇದಾಯ್ತು ಬಿಡು. ಅಲ್ಲಿ ಒಂದೇ ಕನ್ನಡಿ ಇತ್ತು, ಬೆಳಿಗ್ಗೆ ಎದ್ರೆ ಜಗಳ. ಇನ್ಮೇಲೆ ಎರಡಾಗುತ್ತೆ.”

“ಏನು ಕನ್ನಡಿ?”

“ಹೋದ ವರ್ಷ ದೆಲ್ಸಿ ಮನೆಯವ್ರು ಕಳ್ಸಿದ್ರಲ್ಲ, ಇದೇ ಗೋರಿಸ್ ಮಾಡಿದ್ದು. ಅಲ್ಲಿರೋದು ಹಳೇ ಪ್ಲೇಯರು ಕಣೇ. ವಿಸಿಡಿ ಬಿಟ್ಟು ಬೇರೆ ಹಾಕಿದ್ರೆ ‘ಡಿಸ್ಕ್ ಇಲ್ಲ’ ಅಂತ ಬರುತ್ತೆ ಅಷ್ಟೆ. ಒರೆಸಿದ್ರು, ಊದಿದ್ರು, ಒಬ್ಬ ಅದಕ್ಕೆ ಶಿಲುಬೆ ಗುರುತೂ ಹಾಕಿದ. ಆಮೇಲೆ ದೆಲ್ಸಿ ಅಪ್ಪ ಅದನ್ನ ನಲ್ಲಿ ಹತ್ರ ಮೊಳೆಗೆ ನೇತಾಕಿದ. ಈಗ ಎಲ್ರೂ ಅದರಲ್ಲೇ ಮುಖ ನೋಡ್ಕೊಂಡು ಗಡ್ಡ ಕೆರ್ಕೊಳ್ತಾರೆ.”

“ಅವ್ರಪ್ಪ ನೋಡಿ ಅತ್ರಂತಲ್ಲ?” ಎಂದಳು ಕೇವಾ. ಒಂದು ವರ್ಷದಿಂದ ದೆಲ್ಸಿ ಶಾಲೆಯಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು. ತನ್ನ ವಿಡಿಯೋ ನೋಡಿ ಅಪ್ಪ ಕಣ್ಣೀರು ಹಾಕಿದರಂತೆ.

“ಅತ್ತಿದ್ದು ನಿಜವಾಗಿರಬಹುದು,” ಎಂದಳು ತಾಂತಾ ಓಸೆ, ಹಗ್ಗದ ಗಂಟನ್ನು ಹಲ್ಲಿನಿಂದ ಎಳೆಯುತ್ತಾ. “ಮೊಂಡು ಬ್ಲೇಡು ಅವನದು.”

“ಈಗೇನು ಮಾಡ್ಲಿ?”

“ನಿಮ್ಮ ಓಮಾ ಮನೇಲೊಂದು ಪ್ಲೇಯರಿದ್ಯಲ್ಲ, ನಿಮ್ಮ ಬಾಪಾ ಕೊಂಡು ಕಳ್ಸಿದ್ದು? ಅಲ್ಲಿರೋದು ಅದರದೇ ಜೋಡಿ. ಓಮಾ ಮನೇದ್ರಲ್ಲಿ ಓಡಿದ್ರೆ ಅಲ್ಲೂ ಓಡುತ್ತೆ. ಕತ್ತಲಾಗೋಕೆ ಮುಂಚೆ ತಂದುಕೊಡು. ಆಮೇಲೆ ಪೆಟ್ಟಿಗೆ ಬಿಚ್ಚಲ್ಲ ನಾನು.”

* * *

ಅಜ್ಜಿ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಿದ್ದಳು. ಅವಳು ಬಾಪಾನ ತಾಯಿ, ಕೇವಾಳ ಓಮಾ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದು ಕಣ್ಣು ತನಗೆ ಬೇಕಾದ್ದನ್ನು ಮಾತ್ರ ನೋಡುತ್ತಿತ್ತು.

ಕೇವಾ ಡಿಸ್ಕು ತೆಗೆದುಕೊಂಡು ಖಾಲಿ ಡಬ್ಬಿಯನ್ನು ಅವಳ ಮಡಿಲಿಗೆ ಹಾಕಿ, ಒಳಗೆ ಹೋಗಿ ಪ್ಲೇಯರಿನ ಮೇಲಿನ ಬಟ್ಟೆ ತೆಗೆದಳು. ಅಜ್ಜಿ ಕವರನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

“ಯಾರೇ ಇವಳು? ಬಿಳಿ ಪಾದ್ರಿಗಳ ಊರಿನವಳಾ?”

“ನಾನು, ಓಮಾ.”

“ಹೌದಾ? ಹುಷಾರಿಲ್ವಾ ನಿನಗೆ? ರಕ್ತಾನೇ ಇಲ್ಲವಲ್ಲ ಮುಖದಲ್ಲಿ. ಈ ಬಾತುಕೋಳಿ ಯಾರದು?”

“ಹಂಸ ಅದು.”

“ಯಾರದಾದ್ರೂ ಸರಿ, ನಮ್ಮ ಅಂಗಳಕ್ಕೆ ಬರ್ದೇ ಇದ್ರೆ ಸಾಕು.”

ಕೇವಾ ಡಿಸ್ಕನ್ನು ತಟ್ಟೆಯ ಮೇಲಿಟ್ಟು ಒಳಗೆ ತಳ್ಳಿದಳು. ಪ್ಲೇಯರು ಗರಗರ ಅಂದಿತು, ಕೆಮ್ಮಿತು, ಸುಮ್ಮನಾಯಿತು. ಪುಟ್ಟ ಕಿಂಡಿಯಲ್ಲಿ ಹಸಿರು ಅಕ್ಷರ ಬಂತು: ಡಿಸ್ಕ್ ಇಲ್ಲ.

“ಏನಂತೆ?”

“ಒಳಗೆ ಡಿಸ್ಕೇ ಇಲ್ಲ ಅಂತಿದೆ.”

“ಅಷ್ಟು ಹೊಳೆಯೋದು ಕಾಣಲಿಲ್ವಂತಾ?” ಎಂದಳು ಅಜ್ಜಿ. “ಸರಿಹೋಯ್ತು. ಈ ಮನೇಲಿ ನಾನೊಬ್ಳೇ ಕುರುಡಿ ಅಂದ್ಕೊಂಡಿದ್ದೆ.”

* * *

“ವಿಸಿಡಿ?” ಎಂದ ಗೋರಿಸ್. ಅವನ ಸ್ಟುಡಿಯೋಗೆ ಯಾರೋ ಮೇಕೆ ನುಗ್ಗಿಸಿದ ಹಾಗಿತ್ತು ಆ ದನಿ. “ನನ್ನ ಹತ್ರ ವಿಸಿಡಿ ಕೇಳ್ತೀಯಾ? ಅದು ನಮ್ಮ ತಾತನ ಕಾಲದ್ದು.”

“ನಿಮ್ಮ ತಾತ ವಿಸಿಡಿ ನೋಡಿದ್ರಾ, ಓಮ್?”

“ಮಾತಿಗೆ ಹೇಳಿದ್ದು. ನೋಡು, ಚೌಕ ಹೆಚ್ಚಿದ್ದಷ್ಟೂ ಒಳ್ಳೇದು. ಲೋಕಕ್ಕೆಲ್ಲ ಗೊತ್ತಿರೋ ವಿಷಯ.”

“ಪ್ಲೇಯರಿಗೆ ಗೊತ್ತಿಲ್ಲ. ದೆಲ್ಸಿ ಡಿಸ್ಕೂ ಅಲ್ಲಿ ಓಡ್ಲಿಲ್ವಂತೆ. ಅವ್ರಪ್ಪ ಅದರಲ್ಲಿ ಮುಖ ನೋಡ್ಕೊಂಡು ಗಡ್ಡ ಕೆರ್ಕೊಳ್ತಾರಂತೆ.”

ಗೋರಿಸ್ ತನ್ನ ಗದ್ದ ಸವರಿಕೊಂಡ. ಆಮೇಲೆ ಕೇಳಿದ, “ಗಡ್ಡ ಚೆನ್ನಾಗಿ ಕಾಣುತ್ತಂತಾ?”

“ಹೂಂ.”

“ನೋಡಿದ್ಯಾ,” ಎಂದ ಗೋರಿಸ್. “ಎಚ್‌ಡಿ.”

ಆದರೂ ಕುರ್ಚಿ ಎಳೆದುಕೊಂಡು ಕೂತ. ಕಂಪ್ಯೂಟರು ಒಂದು ಪಟ್ಟಿ ತೋರಿಸಿತು. ಅವನು ಕೆಳಗೆ, ಇನ್ನೂ ಕೆಳಗೆ ಇಳಿದು, ಯಾರೂ ಹೋಗದ ಮೂಲೆಗೆ ಹೋಗುವವನ ಹಾಗೆ ಕೊನೆಯ ಸಾಲನ್ನು ಒತ್ತಿದ.

“ವಿಸಿಡಿಗೆ ಇಷ್ಟೇ ಚೌಕ. ಅಡ್ಡಕ್ಕೆ ಮುನ್ನೂರ ಐವತ್ತೆರಡು, ಉದ್ದಕ್ಕೆ ಇನ್ನೂರ ಎಂಬತ್ತೆಂಟು. ಇದಕ್ಕಿಂತ ಒಂದು ಹೆಚ್ಚು ಕೊಟ್ರೂ ಆ ಡಬ್ಬಾ ಪ್ಲೇಯರು ತಗೊಳಲ್ಲ. ಒಂದು ಡಿಸ್ಕಿಗೆ ಒಂದೂಕಾಲು ಗಂಟೆ ಅಷ್ಟೆ. ಮೂರು ಡಿಸ್ಕು ಬೇಕು.”

“ಊಟದ್ದು ಸ್ವಲ್ಪ ಕತ್ತರಿಸಿದ್ರೆ?”

“ಯಾರನ್ನ ಕತ್ತರಿಸ್ಲಿ ಹೇಳು. ಹೆಸರು ಹೇಳಿ ಸಹಿ ಹಾಕು. ನಾಳೆ ಅವರ ಮನೆಯವ್ರು ಬಂದಾಗ ನಿನ್ನ ಮನೆ ತೋರಿಸ್ತೀನಿ.”

ಕೇವಾ ಚೀಲದಿಂದ ಗಣಿತದ ನೋಟುಬುಕ್ಕು ತೆಗೆದು ಗುಣಾಕಾರ ಮಾಡಿದಳು. ಅವಳು ಗಣಿತದಲ್ಲಿ ಚುರುಕು. ಕ್ಯಾಮೆರಾದ ಚೌಕಗಳು ಒಂಬತ್ತು ಲಕ್ಷದ ಇಪ್ಪತ್ತೊಂದು ಸಾವಿರದ ಆರುನೂರು. ವಿಸಿಡಿಯವು ಒಂದು ಲಕ್ಷದ ಒಂದು ಸಾವಿರದ ಚಿಲ್ಲರೆ. ಅಂದರೆ ಒಂಬತ್ತು ಚೌಕ ಇದ್ದ ಜಾಗದಲ್ಲಿ ಒಂದು. ಒಂಬತ್ತು ಕೇವಾಗಳನ್ನು ಹಿಂಡಿ ಒಂದು ಮಾಡಿದ ಹಾಗೆ.

ಗೋರಿಸ್ ಸ್ವಲ್ಪ ಭಾಗವನ್ನು ವಿಸಿಡಿ ಮಾಡಿ ತೋರಿಸಿದ. ಬಿಳಿ ಗೌನುಗಳು ಇದ್ದವು. ಕಿರೀಟಗಳು ಇದ್ದವು. ಮುಖಗಳು ಮಾತ್ರ ಬೆಂದ ಆಲೂಗಡ್ಡೆಯಂತಿದ್ದವು. ಇಪ್ಪತ್ತಾರು ಆಲೂಗಡ್ಡೆ, ಒಂದರ ಹಿಂದೆ ಒಂದು.

“ದೊಡ್ಡದು ಮಾಡಿ, ಓಮ್.”

ಅವನು ದೊಡ್ಡದು ಮಾಡಿದ. ಒಂಬತ್ತನೆಯ ಮುಖ ಚೌಕ ಚೌಕವಾಗಿ ಒಡೆಯಿತು. ಕೇವಾ ಬೆರಳಿಟ್ಟು ಎಣಿಸಿದಳು. ಅಡ್ಡಕ್ಕೆ ಎಂಟು, ಉದ್ದಕ್ಕೆ ಹತ್ತು. ಎಂಬತ್ತು. ಕಣ್ಣು, ಮೂಗು, ಬಾಯಿ, ಸೊಳ್ಳೆ ಗುರುತು, ಬಾಪಾ ನೋಡದೆ ಇದ್ದ ಐದು ವರ್ಷ, ಎಲ್ಲಕ್ಕೂ ಸೇರಿ ಎಂಬತ್ತು ಚೌಕ.

ಅವಳು ನೋಟುಬುಕ್ಕಿನ ಚೌಕದ ಹಾಳೆಯಲ್ಲಿ ಎಂಟಕ್ಕೆ ಹತ್ತರ ಒಂದು ಮುಖ ಮಾಡಿ, ಪರದೆ ನೋಡುತ್ತಾ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬಿದಳು. ಮುಗಿದ ಮೇಲೆ ದೂರ ಹಿಡಿದು ನೋಡಿದಳು. ಅದು ಕೇವಾ ಆಗಿರಬಹುದು. ದೆಲ್ಸಿಯೂ ಆಗಿರಬಹುದು. ಸುಟ್ಟ ಜೋಳದ ತೆನೆಯೂ ಆಗಿರಬಹುದು.

“ಬಾಪಾಗೆ ಗೊತ್ತಾಗಲ್ಲ,” ಎಂದಳು, ತನ್ನಷ್ಟಕ್ಕೆ.

ಗೋರಿಸ್‌ಗೆ ಅದು ಕೇಳಿಸಿತು. ಮನುಷ್ಯ ಕೆಟ್ಟವನಲ್ಲ. ಬುದ್ಧಿವಂತ, ಅಷ್ಟೇ ತೊಂದರೆ.

“ಅದಕ್ಯಾಕೆ ಯೋಚ್ನೆ? ನಿನ್ನ ತಲೆ ಮೇಲೊಂದು ಬಾಣ ಹಾಕಿಬಿಡ್ತೀನಿ. ಕೆಂಪು ಬಾಣ. ಮಿಣಮಿಣ ಅಂತ ಉರಿಯುತ್ತೆ.”

ಅವನು ಬಾಣ ಹಾಕಿದ. ಅವನ ಹತ್ತಿರ ಇದ್ದದ್ದು ಒಂದೇ ಅಳತೆಯ ಬಾಣ, ಮದುವೆ ಹೆಣ್ಣುಗಳಿಗೆ ಹಾಕುವಂಥದ್ದು. ಅದು ಬಂದು ಕೂತದ್ದೇ ಒಂಬತ್ತನೆಯ ಹುಡುಗಿ ಪೂರ್ತಿ ಮುಚ್ಚಿಹೋದಳು. ಬಾಣದ ಚೂಪು ತುದಿ ಮಿಣಮಿಣ ಉರಿಯುತ್ತಾ ಪಕ್ಕದ ಬೆಂಚಿನಲ್ಲಿ ಆಕಳಿಸುತ್ತಿದ್ದ ಒಬ್ಬ ಮುದುಕನನ್ನು ತೋರಿಸುತ್ತಿತ್ತು.

“ಬಾಪಾ ಆ ತಾತನ್ನ ನಾನು ಅಂದ್ಕೋತಾರೆ, ಓಮ್.”

“ಬಾಣ ಮಾತ್ರ ಚೆನ್ನಾಗಿದೆ ಅಲ್ವಾ?” ಎಂದು ಗೋರಿಸ್ ಬೇಸರದಿಂದಲೇ ತೆಗೆದ.

ಮತ್ತೊಂದು ತೊಂದರೆ ಉಳಿದಿತ್ತು. ಮೊದಲನೆಯ ಡಿಸ್ಕು ಮುಗಿಯುವುದು ಸರಿಯಾಗಿ ಹುಡುಗಿಯರು ನಡೆಯುವಾಗ. ಗೋರಿಸ್ ಲೆಕ್ಕದ ಪ್ರಕಾರ ಕೇವಾಳ ಬಲಗಾಲು ಮೊದಲನೆಯ ಡಿಸ್ಕಿನಲ್ಲಿ, ಎಡಗಾಲು ಎರಡನೆಯದರಲ್ಲಿ.

“ಡಿಸ್ಕು ತುಂಬೋವರೆಗೂ ತುಂಬಬೇಕು. ಜಾಗ ದಂಡ ಮಾಡಬಾರ್ದು,” ಎಂದ.

“ಜಾಗ ಮಿಕ್ಕರೆ ಮಿಗಲಿ, ಓಮ್. ಪಾದ್ರಿಗಳ ಪ್ರವಚನ ಮುಗಿದಲ್ಲೇ ನಿಲ್ಸಿ. ನಡೆಯೋದು ಎರಡನೇ ಡಿಸ್ಕಿನ ಮೊದಲಿಗೇ ಬರಲಿ.”

ಗೋರಿಸ್ ಅವಳನ್ನೊಮ್ಮೆ ನೋಡಿದ. ಹದಿನಾಲ್ಕು ವರ್ಷದ ಅನುಭವದಲ್ಲಿ ಅವನಿಗೆ ಇದು ಹೊಳೆದಿರಲಿಲ್ಲ. ಆದ್ದರಿಂದ, “ಅದನ್ನೇ ನಾನು ಹೇಳೋಕೆ ಹೊರಟಿದ್ದೆ,” ಎಂದ.

ಮೂರು ಡಿಸ್ಕುಗಳು ಬರೆಯುವಷ್ಟು ಹೊತ್ತು ಕೇವಾ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಹೊರಡುವಾಗ ಒಂದು ಮಾತು ಕೇಳಿದಳು.

“ಡಿಸ್ಕಿನ ಮೇಲೆ ಬರೆಯೋ ಪೆನ್ನು ಕೊಡ್ತೀರಾ? ನಾಳೆ ವಾಪಸ್ ತರ್ತೀನಿ.”

ಅವಳು ಬರೆಯಬೇಕು ಅಂದುಕೊಂಡದ್ದು ಇಷ್ಟು: ‘ಸಾಲಿನಲ್ಲಿ ಒಂಬತ್ತನೆಯವಳು ನಾನು.’ ಸ್ವಂತ ಅಪ್ಪನಿಗೆ ಹೀಗೆ ಬರೆದು ತಿಳಿಸಬೇಕಲ್ಲ! ಆದರೆ ಬೇರೆ ದಾರಿ ಇರಲಿಲ್ಲ.

* * *

ಬಿಸಿಲು ಇಳಿದಿತ್ತು. ಅಜ್ಜಿ ಈಗ ಒಳಗೆ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಬಾಯಲ್ಲಿ ಎಲೆಅಡಿಕೆ. ಅವಳಿಗೂ ಟಿವಿಗೂ ನಡುವೆ ಒಂದು ಕೋಣೆಯಷ್ಟು ದೂರ.

“ಹತ್ರ ಬಾ, ಓಮಾ. ಅಲ್ಲಿಂದ ಏನೂ ಕಾಣಲ್ಲ.”

“ಹತ್ರ ಬಂದ್ರೂ ಕಾಣಲ್ಲ. ಸುಮ್ನೆ ಮೊಣಕಾಲು ಯಾಕೆ ನೋಯಿಸ್ಕೊಳ್ಳಲಿ?”

ಕೇವಾ ಎರಡನೆಯ ಡಿಸ್ಕನ್ನು ಹಾಕಿದಳು. ಪ್ಲೇಯರು ಗರಗರ ಅಂದಿತು, ಕೆಮ್ಮಿತು. ಅವಳು ಉಸಿರು ಹಿಡಿದು ನಿಂತಳು. ಕಿಂಡಿಯಲ್ಲಿ ಅಂಕಿಗಳು ಓಡತೊಡಗಿದವು. ಟಿವಿಯಲ್ಲಿ ಚರ್ಚು ಬಂತು, ಹಾಡು ಬಂತು.

ಓಡಿತು. ಕೇವಾಗೆ ಖುಷಿಯಾಗಬೇಕಿತ್ತು. ಅವಳು ನೆಲದ ಮೇಲೆ ಕೂತು ಪೆನ್ನಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ಟಿವಿ ಚಿಕ್ಕದು, ಹಳೆಯದು. ಗೋರಿಸ್ ತೋರಿಸಿದ್ದಕ್ಕಿಂತ ಚಿತ್ರ ಇನ್ನೂ ಮಬ್ಬು. ಬಾಗಿಲಿನಿಂದ ಬಿಳಿ ಚುಕ್ಕೆಗಳು ಒಂದೊಂದಾಗಿ ಹೊರಟು ಬಂದವು. ಕೇವಾ ಬೇಕೆಂದೇ ಒಂದು ಮಾತೂ ಆಡಲಿಲ್ಲ. ಮನಸ್ಸಿನಲ್ಲೇ ಎಣಿಸಿದಳು. ಆರು. ಏಳು. ಎಂಟು.

“ಅಗೋ,” ಎಂದಳು ಅಜ್ಜಿ, ಕುಟ್ಟಾಣಿಯಿಂದ ಕಣ್ಣೆತ್ತದವಳಂತೆ. “ಬಂದ್ಳು ನಮ್ಮವಳು.”

ಕೇವಾ ತಟ್ಟನೆ ತಿರುಗಿದಳು. “ಯಾವಳು?”

“ಆ ಹೊರಟವಳು. ಈಗ ಕಂಬ ದಾಟಿದ್ಳಲ್ಲ.”

ಕಂಬ ದಾಟಿದವಳು ಒಂಬತ್ತನೆಯವಳು.

“ಎಣಿಸಿದ್ಯಾ, ಓಮಾ? ಯಾರಾದ್ರೂ ಹೇಳಿದ್ರಾ?”

“ನನಗೆ ಯಾರು ಏನು ಹೇಳ್ತಾರೆ ಈ ಮನೇಲಿ?”

“ಮತ್ತೆ ಹೆಂಗೆ ಗೊತ್ತಾಯ್ತು? ಮುಖಾನೇ ಕಾಣಲ್ಲ ಅಲ್ಲಿ.”

“ಮುಖ ಯಾರಿಗೆ ಬೇಕು? ಮುಖ ಆ ಬಾತುಕೋಳಿ ಪಕ್ಕದಲ್ಲೂ ಇತ್ತು, ಗೊತ್ತಾಯ್ತಾ ನನಗೆ?” ಅಜ್ಜಿ ಬಾಯಿಯ ಕೆಂಪನ್ನು ಡಬ್ಬಕ್ಕೆ ಉಗಿದಳು. “ನಡಿಗೆ ನೋಡು. ಬಲಗಾಲು ಮುಂದೆ ಹೋಗುತ್ತೆ. ಆಮೇಲೆ ಎಡಗಾಲು ಹೋಗ್ಲೋ ಬೇಡ್ವೋ ಅಂತ ಒಂಚೂರು ಯೋಚ್ನೆ ಮಾಡುತ್ತೆ. ಆಮೇಲೆ ಹೋಗುತ್ತೆ.”

ಕೇವಾ ಡಿಸ್ಕನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಉಳಿದ ಚುಕ್ಕೆಗಳು ಜಾರಿಬಂಡೆಯಲ್ಲಿ ಜಾರಿದಂತೆ ಬಂದವು. ಒಂದೇ ಒಂದು ಚುಕ್ಕೆ ಪ್ರತಿ ಎರಡನೆಯ ಹೆಜ್ಜೆಗೆ ಚೂರು ತಡೆದು, ಚೂರು ಓಲಾಡಿ ಬಂತು. ಸೊಳ್ಳೆ ಗುರುತು ಕಾಣುತ್ತಿದ್ದ ಎಚ್‌ಡಿಯಲ್ಲಿ ಅವಳು ಇದನ್ನು ನೋಡಿಯೇ ಇರಲಿಲ್ಲ.

“ನಾನು ಹಂಗೆ ನಡೀತೀನಾ?”

“ನೀನೇನು ಕಂಡುಹಿಡಿದಿದ್ದಲ್ಲ ಅದು. ನಿಮ್ಮಪ್ಪನದು. ಕೊಪೋಂಗ್ ಹಂಗೇ ನಡೀತಿದ್ದ. ತೆಂಗಿನಕಾಯಿ ತಾ ಅಂತ ಕಳ್ಸಿದ್ರೆ ಆ ಎಡಗಾಲು ಯೋಚ್ನೆ ಮಾಡೋದ್ರಲ್ಲೇ ಸಂಜೆ ಆಗ್ತಿತ್ತು.”

ಕೇವಾ ಸ್ವಲ್ಪ ಹೊತ್ತು ಪೆನ್ನನ್ನೇ ನೋಡಿದಳು. “ಆದ್ರೆ ಬಾಪಾಗೆ ಅದು ಗೊತ್ತಾ? ತನ್ನ ನಡಿಗೆ ತನಗೆ ಕಾಣಲ್ವಲ್ಲ, ಓಮಾ.”

“ಅವನಿಗೆಲ್ಲಿ ಗೊತ್ತು? ಅವನಿಗೆ ಏನೂ ಗೊತ್ತಿಲ್ಲ, ಚಿಕ್ಕವನಿದ್ದಾಗಿನಿಂದ್ಲೂ.” ಅಜ್ಜಿ ಮತ್ತೆ ಕುಟ್ಟಾಣಿ ಎತ್ತಿಕೊಂಡಳು. “ಅಲ್ಲಿ ನಮ್ಮೂರ ಗಂಡಸರು ಹದಿನೇಳು ಜನ ಇದಾರೆ. ಒಂದೇ ಟಿವಿ ಮುಂದೆ ಕೂರ್ತಾರೆ. ಎಲ್ರೂ ಅವನ ಜೊತೆ ಬೆಳೆದೋರು. ಆ ಕಾಲನ್ನ ಆಡ್ಕೊಂಡು ನಕ್ಕಿದ್ದೇ ಅವರ ಶಾಲೆ ಓದು. ನೀನು ಕಂಬ ದಾಟೋ ಮುಂಚೆ ಹದಿನೇಳು ಜನಾನೂ ಕೂಗ್ತಾರೆ. ಆಗ ಗೊತ್ತಾಗುತ್ತೆ ಅವನಿಗೆ.”

ಟಿವಿಯಲ್ಲಿ ಬಿಳಿ ಚುಕ್ಕೆಗಳು ಮುಗಿದು ಊಟ ಶುರುವಾಗಿತ್ತು. ಯಾರೋ ಒಬ್ಬರು ಹಂದಿಯ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು. ಅಜ್ಜಿ ಕಣ್ಣು ಕಿರಿದು ಮಾಡಿ, “ಇವನ್ಯಾರು, ನನಗೆ ಗುರುತು ಸಿಗ್ತಿಲ್ಲ,” ಎಂದಳು. ಆಮೇಲೆ, “ಹಂದಿ ಮಾತ್ರ ನಮ್ಮ ಲಾಡೋನ ಮನೇದು,” ಎಂದಳು.

* * *

ದಾರಿಯಲ್ಲಿ ದೆಲ್ಸಿ ಸಿಕ್ಕಳು. ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡಿದ್ದಳು.

“ಡಿಸ್ಕಾ? ಎಚ್‌ಡಿನಾ?”

“ಅಲ್ಲ. ವಿಸಿಡಿ.”

“ಅಯ್ಯೋ ಪಾಪ,” ಎಂದಳು ದೆಲ್ಸಿ. “ನನ್ನದು ಎಚ್‌ಡಿ. ಅದನ್ನ ನೋಡಿ ನಮ್ಮಪ್ಪ ಎಷ್ಟು ಅತ್ರು ಗೊತ್ತಾ?”

ನಲ್ಲಿಯ ಪಕ್ಕದ ಮೊಳೆ, ಬ್ಲೇಡು, ಸಾಲಾಗಿ ನಿಂತು ಗಡ್ಡ ಕೆರೆಯುವ ಗಂಡಸರು, ಎಲ್ಲವೂ ಕೇವಾಳ ನಾಲಿಗೆಯ ತುದಿಗೆ ಬಂದವು. ಒಂದು ವರ್ಷದಿಂದ ಆ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಆದರೆ ದೆಲ್ಸಿ ಆ ಮಾತನ್ನು ಹೇಳುವಾಗ ಎಲ್ಲೋ ದೂರ, ಸಮುದ್ರದ ಕಡೆ ನೋಡುತ್ತಿದ್ದಳು. ಅದನ್ನು ಕೇವಾ ಇವತ್ತೇ ಮೊದಲು ಗಮನಿಸಿದ್ದು.

“ಗೊತ್ತು,” ಎಂದಳು ಕೇವಾ. “ತಾಂತಾ ಓಸೆ ಹೇಳಿದ್ರು. ಅವರು ದಿನಾ ಬೆಳಿಗ್ಗೆ ಎದ್ದು ನೋಡೋದೇ ನಿನ್ನ ಡಿಸ್ಕಂತೆ.”

ದೆಲ್ಸಿಯ ಬಾಯಿ ತೆರೆದುಕೊಂಡಿತು. ತಮ್ಮನನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಹಾಡತೊಡಗಿದಳು.

ತಾಂತಾ ಓಸೆ ಪೆಟ್ಟಿಗೆಯ ಮೇಲೆಯೇ ಕೂತು ಕಾಯುತ್ತಿದ್ದಳು. “ಓಡ್ತಾ?”

“ಓಡ್ತು. ಮೂರು ಡಿಸ್ಕು.”

ಕೇವಾ ಅಲ್ಲೇ ನೆಲದ ಮೇಲೆ ಕೂತು ಪೆನ್ನು ತೆಗೆದಳು. ಮೊದಲನೆಯದರ ಮೇಲೆ ಒಂದು ಎಂದು ಬರೆದಳು. ಮೂರನೆಯದರ ಮೇಲೆ ಮೂರು. ಎರಡನೆಯದನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಇದ್ದಳು. ಅದರ ಮೇಲೆ ಬೇಕಾದಷ್ಟು ಖಾಲಿ ಜಾಗ ಇತ್ತು. ಎರಡು ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಿದಳು.

“ಆ ಬಾತುಕೋಳಿ ಕವರು?” ಎಂದು ಕೇಳಿದಳು ತಾಂತಾ ಓಸೆ.

“ಬೇಡ. ಓಮಾ ಇಟ್ಕೊಂಡಿದಾಳೆ. ಸುಣ್ಣದ ಡಬ್ಬಿಗೆ ಮುಚ್ಚಳಾ ಮಾಡ್ಕೋತಾಳಂತೆ.”

ತಾಂತಾ ಓಸೆ ಮೂರು ಡಿಸ್ಕುಗಳನ್ನು ಒಂದು ಹಳೆಯ ಬಟ್ಟೆಯಲ್ಲಿ ಸುತ್ತಿ, ಒಡೆಯದ ಹಾಗೆ ಕುಟ್ಟಿದ ಜೋಳದ ನಡುವೆ ಹುದುಗಿಸಿದಳು. “ಬಾಪಾಗೆ ಏನಾದ್ರೂ ಹೇಳ್ಬೇಕಾ? ಸಾಲಿನಲ್ಲಿ ನೀನು ಎಲ್ಲಿದೀಯ ಅಂತ ಹೇಳ್ಲಾ?”

“ಬೇಡ,” ಎಂದಳು ಕೇವಾ. “ಎಲ್ರೂ ಒಟ್ಟಿಗೆ ಕೂತು ನೋಡ್ಲಿ. ಅಷ್ಟು ಹೇಳಿ ಸಾಕು.”

ಅವಳು ಎದ್ದು ಮನೆಯ ಕಡೆ ಹೊರಟಳು. ಅಂಗಳದ ಮರಳು ಇನ್ನೂ ಬೆಚ್ಚಗಿತ್ತು. ಬಲಗಾಲು ಮುಂದೆ ಹೋಯಿತು. ಎಡಗಾಲು ಚೂರು ಯೋಚನೆ ಮಾಡಿತು. ಕೇವಾ ಅದಕ್ಕೆ ಅವಸರ ಮಾಡಲಿಲ್ಲ.

ಹಿಂದಿನಿಂದ ತಾಂತಾ ಓಸೆಯ ನಗು ಕೇಳಿಸಿತು. “ಏ ಕೊಪೋಂಗ್,” ಎಂದು ಕೂಗಿದಳು. “ಕತ್ತಲಾಗೋದ್ರೊಳಗೆ ಮನೆ ಮುಟ್ತೀಯೋ ಇಲ್ವೋ?”

ಕೇವಾ ತಿರುಗಿ ಕೈ ಬೀಸಿದಳು.